ವೃತ್ತಕ್ಕೆಷ್ಟು ಬಾಹು

ಪೀಣ್ಯ ಎರಡನೇ ಹಂತ, ನಾಲ್ಕೂಕಾಲಿನ ಟೀ.
ಕ್ಯಾಂಟೀನಿನ ತಾಯಮ್ಮನ ಮಗಳು ಹಂಸ
ಅಕ್ಕಿ ಮೂಟೆಯ ಮೇಲೆ ನೋಟ್‌ಬುಕ್ ಹರಡಿಕೊಂಡು ಕೇಳಿದಳು:
ವೃತ್ತಕ್ಕೆ ಎಷ್ಟು ಬಾಹು?
ಮಿಸ್ಸು ತಪ್ಪು ಹಾಕಿದ್ದಾರೆ. ಯಾಕೆ ತಪ್ಪು ಅಂತ ಹೇಳಿಲ್ಲ.

ಲೇಥಿನ ಸೆಲ್ವರಾಜ ಬನ್ನು ಅದ್ದುತ್ತಾ ನಕ್ಕ:
"ಇಪ್ಪತ್ತಾರು ವರ್ಷದಿಂದ ಅದೇ ಕೆಲಸ ಕಣಮ್ಮ ನಂದು,
ಬಾಹು ಕತ್ತರಿಸೋದು.
ಬೆಳಿಗ್ಗೆ ಬರುತ್ತೆ ಆರು ಮೂಲೆಯ ಸರಳು.
ಚಕ್ ತಿರುಗಿದ್ದೇ ತಡ, ಮೂಲೆಗಳೆಲ್ಲ ಸುರುಳಿ ಸುರುಳಿಯಾಗಿ
ನನ್ನ ಚಪ್ಪಲಿ ಮೇಲೆ ಬೀಳ್ತವೆ.
ಸಾಯಂಕಾಲ ಗುಡಿಸಿ ಗುಜರಿಗೆ ಹಾಕಿದ ಮೇಲೆ
ಉಳಿಯೋದು ಸೊನ್ನೆ. ಬರಕೋ."

ಗೇಟಿನ ಗಫಾರ್ ಸಾಬರು ಒಪ್ಪಲಿಲ್ಲ.
"ಎರಡು. ಒಳಗೊಂದು, ಹೊರಗೊಂದು.
ದಿನಕ್ಕೆ ಹನ್ನೆರಡು ಗಂಟೆ ಕುರ್ಚಿ ಹಾಕಿಕೊಂಡು ಕೂತವನು ನಾನು,
ಬೇರೆ ಯಾವ ಬದಿಯನ್ನೂ ಕಂಡಿಲ್ಲ."

ಟೆಂಪೊ ಕರಿಬಸವನಿಗೆ ಇದೂ ಒಂದು ಪ್ರಶ್ನೆಯೇ?
"ನಾಲ್ಕು. ಊರಲ್ಲಿ ಯಾವ ಸರ್ಕಲ್ಲಿಗಾದರೂ ಹೋಗಿ ನೋಡು.
ಒಂದು ಕಡೆ ಪೈಪಿಗೆ ಅಗೆದಿದ್ದಾರೆ,
ಒಂದು ಕಡೆ ಒನ್‌ವೇ,
ಒಂದು ಕಡೆ ಮರದ ಮರೆಯಲ್ಲಿ ಪೊಲೀಸು,
ನಾಲ್ಕನೇದು ನಾವು ಬಂದ ದಾರಿ."

ಲೆಕ್ಕ ಬರೆಯೋ ನಾಗಭೂಷಣರು, ಕನ್ನಡ ಎಂ.ಎ.,
ಕನ್ನಡಕ ಒರೆಸಿಕೊಂಡು ತಿದ್ದಿದರು:
ನಾಲ್ಕೇ ಸರಿ, ಆದರೆ ವೃತ್ತಕ್ಕಿರೋದು ಬಾಹು ಅಲ್ಲ, ಪಾದ.
ಚಂಪಕಮಾಲೆ, ಉತ್ಪಲಮಾಲೆ, ಮತ್ತೇಭವಿಕ್ರೀಡಿತ,
ಬೆರಳು ಮಡಿಸುತ್ತಾ ಹೋದರು. ಅವರ ಟೀ ಕೆನೆಗಟ್ಟಿತು.
ಹಂಸ ಕೇಳಿದಳು, "ಕಾಲಿದ್ದರೆ ಮತ್ತೆ ಉರುಳೋದ್ಯಾಕೆ?"

ನಾನು ಸುಮ್ಮನಿದ್ದೆ.
ತಪಾಸಣೆಯವಳು ಬಾಯಿ ತೆರೆದರೆ ಸಾಕು
ರಿಜೆಕ್ಟು ಅಂತಾಳೆ ಅನ್ನೋದು ಇಲ್ಲಿನ ಗಾದೆ.
ಆದರೆ ಮಂಗಳವಾರ ಬಂದ ಆ ಪಿನ್ನುಗಳು!
ಮೈಕ್ರೋಮೀಟರಿನ ದವಡೆಯಲ್ಲಿ ಹಿಡಿದೆ: ಹನ್ನೆರಡು ಮಿಲಿಮೀಟರು.
ತಿರುಗಿಸಿ ಹಿಡಿದೆ: ಹನ್ನೆರಡು.
ಇನ್ನೂ ತಿರುಗಿಸಿದೆ. ಹನ್ನೆರಡೇ.
ಎತ್ತ ಕೇಳಿದರೂ ಅದೇ ಮಾತು ಒಪ್ಪಿಸುವ ಸಾಕ್ಷಿ ಕಂಡರೆ
ನನಗೆ ಮೊದಲಿಂದಲೂ ಗುಮಾನಿ.
ವಿ-ಬ್ಲಾಕಿನ ಕಣಿವೆಯಲ್ಲಿ ಮಲಗಿಸಿ, ಮೇಲೆ ಡಯಲಿನ ಮೊನೆ ತಾಗಿಸಿ
ಉಗುರಿಂದ ಮೆಲ್ಲಗೆ ಉರುಳಿಸಿದೆ.
ಮುಳ್ಳು ಎದ್ದಿತು, ಕೂತಿತು.
ಎದ್ದಿತು, ಕೂತಿತು.
ಎದ್ದಿತು.
ಸುತ್ತಿಗೆ ಮೂರು ಸಲ.
ಕೂದಲನ್ನು ಐದಾಗಿ ಸೀಳಿದರೆ ಒಂದು ಪಾಲಿನಷ್ಟು ಉಬ್ಬು,
ಆದರೂ ಮೂರು. ದುಂಡಗೆ ವೇಷ ಕಟ್ಟಿದ ತ್ರಿಕೋನ.
ಎಂಟುನೂರು ಪಿನ್ನು ವಾಪಸು ಹೋದವು.
ಗ್ರೈಂಡಿಂಗಿನ ಮಾದೇಶ ಅವತ್ತಿಂದ ಮಾತು ಬಿಟ್ಟಿದ್ದಾನೆ,
ಈಗಲೂ ಅಗೋ, ಆ ಮೂಲೆಯಲ್ಲಿ, ಬೆನ್ನು ಹಾಕಿಕೊಂಡು.

ಇದನ್ನೆಲ್ಲ ಹತ್ತು ವರ್ಷದ ಹುಡುಗಿಗೆ ಹೇಗೆ ಹೇಳೋದು?
"ನೀನೇನು ಬರೆದಿದ್ದೆ?" ಅಂದೆ.

ಪುಟ ಮಗುಚಿದಳು. ಎಪ್ಪತ್ತೈದು.

"ಪೀಟಿ ಪೀರಿಯಡ್ಡಲ್ಲಿ ಸಾರ್ ಎಲ್ಲರನ್ನೂ ವೃತ್ತ ನಿಲ್ಲಿಸಿದ್ರು ಆಂಟಿ,
ಕೈ ಕೈ ಹಿಡಿಸಿ. ಮೂವತ್ತೆಂಟು ಜನ.
ಬಾಹು ಅಂದ್ರೆ ತೋಳು ಅಂತ ಮಿಸ್ಸೇ ಹೇಳಿದ್ದು, ಪದ್ಯದ ಪಾಠದಲ್ಲಿ.
ಎಪ್ಪತ್ತಾರು ಆಗಬೇಕಿತ್ತು.
ಯೋಗಾನಂದನ ಎಡಗೈ ಮುರಿದು ಕತ್ತಿಗೆ ಕಟ್ಟಿದ್ರಲ್ಲ,
ಅದು ಲೆಕ್ಕಕ್ಕಿಲ್ಲ.
ಅವನ ಅಂಗಿ ಹಿಡಕೊಂಡಿದ್ದೆ ನಾನು."

ಆ ಎಪ್ಪತ್ತೈದರ ಸುತ್ತ ಮಿಸ್ಸು
ಕೆಂಪು ಶಾಯಿಯಲ್ಲಿ ಸುತ್ತು ಎಳೆದಿದ್ದರು,
ಇನ್ನೂ ನಲವತ್ತು ನೋಟ್‌ಬುಕ್ ಬಾಕಿಯಿರುವ ಕೈಯ ಸುತ್ತು.
ಚಾಳಿ ನೋಡಿ, ಉಗುರಿಟ್ಟು ಅದರ ಗುಂಟ ಒಂದು ಸಲ ಹೋಗಿಬಂದೆ.
ಎರಡು ಕಡೆ ಉಬ್ಬು, ಒಂದು ಕಡೆ ಚೂಪು,
ಮೇಲೆ, ಶುರುವಾದದ್ದು ಮುಗಿಯಬೇಕಾದಲ್ಲಿ,
ಒಂದು ಅಂಗಿಯ ತೋಳಿನಷ್ಟು ಖಾಲಿ.

ಸೈರನ್ ಆಯಿತು.
ತಾಯಮ್ಮ ಲೋಟ ಎಣಿಸಿಕೊಂಡಳು,
ಒಂದು ಕಮ್ಮಿ ಬಂತು, ಇನ್ನೊಂದು ಸಲ ಎಣಿಸಿದಳು.