ಬೆಣ್ಣೆ ಬೀದಿ, ಸುಣ್ಣ ಬೀದಿ

ಮೈನ್ ನದಿಯ ತಿರುವಿನಲ್ಲಿ ನಮ್ಮೂರು. ಬೆನ್ನಿಗೆ ದ್ರಾಕ್ಷಿಯ ಗುಡ್ಡ,
ಗುಡ್ಡದ ಹೊಟ್ಟೆಯಲ್ಲಿ ಸುಣ್ಣದ ಕಲ್ಲು.
ಒಂದು ಕಾಲಕ್ಕೆ ಇಲ್ಲಿ ಕಡಲಿತ್ತಂತೆ. ಶಾಲೆ ಬಿಟ್ಟ ಮಕ್ಕಳು
ಪಾಗಾರದ ಕಲ್ಲಿನಿಂದ ಚಿಪ್ಪು ಕೆದಕಿ
ಜೇಬಿಗೆ ಹಾಕಿಕೊಳ್ಳುತ್ತಾರೆ.
ಮಿಕ್ಕ ಕಡಲು ನಲ್ಲಿಯಲ್ಲಿ ಬರುತ್ತದೆ.

ನಾನು ರೋಸ್ವಿಟಾ. ಕೊಳಾಯಿ ಕೆಲಸದವಳು.
ಮೂವತ್ತೊಂದು ವರ್ಷದಿಂದ ಈ ಊರಿನ ಮನೆಗಳನ್ನು
ಸಿಂಕಿನ ಕೆಳಗಿಂದಲೇ ಬಲ್ಲೆ:
ಯಾರ ಕೆಟಲಿನಲ್ಲಿ ಎಷ್ಟು ಪದರ,
ಯಾರು ಶನಿವಾರ ತಪ್ಪದೆ ವಿನೆಗರ್ ಕುದಿಸುತ್ತಾರೆ,
ಯಾರು ಕುದಿಸಿದೆವೆಂದು ಸುಳ್ಳು ಹೇಳುತ್ತಾರೆ.

ಚಹಾದ ಮೇಲೆ ಕಂದು ಪೊರೆ; ಕಲಕಿದರೆ ಒಡೆದ ಭೂಪಟ.
ಗಾಜಿನ ಲೋಟಕ್ಕೆ ತೊಳೆದಷ್ಟೂ ಮುಪ್ಪು.
ಒಣಗಿದ ಟವೆಲ್ಲು ಹಪ್ಪಳದಂತೆ ಸೆಟೆದು
ಹಗ್ಗದಿಂದ ತೆಗೆದರೂ ಹಗ್ಗವನ್ನೇ ನೆನೆಯುತ್ತದೆ.
ಸೋಪು ಸವೆದು ಬಿಲ್ಲೆಯಾಗಬಹುದು, ನೊರೆ ಬರೀ ಮಾತಿಗೆ.
ಷವರಿನ ನಲವತ್ತು ಕಣ್ಣಲ್ಲಿ ದೃಷ್ಟಿಯಿರುವುದು ಹನ್ನೊಂದಕ್ಕೆ,
ಅವುಗಳಲ್ಲೂ ಎರಡು ಮೆಳ್ಳೆ; ಗೋಡೆಗೆ ಸ್ನಾನ ಮಾಡಿಸುತ್ತವೆ.
ವಾಷಿಂಗ್ ಮಷೀನಿನ ಒಳಸುರುಳಿ ಹೊರಗೆಳೆದರೆ
ಹವಳದ ಕೊಂಬೆ.
‘ಎಂಥ ಚೆಂದ!’ ಅಂದಳು ಒಮ್ಮೆ ಫ್ರಾವ್ ಡಿಟ್‌ಮಾರ್,
ಬಿಲ್ಲು ನೋಡುವ ಮುಂಚೆ.

ಹೋದ ವರ್ಷ ಪುರಸಭೆಗೆ ದುಡ್ಡು ಬಂತು,
ಅರ್ಧ ಊರಿಗಾಗುವಷ್ಟು.
ನದಿಯಾಚೆ ಕಾಡಿನ ಮೆದುನೀರು ಕೆಳಬೀದಿಗೆ,
ಮೇಲ್ಬೀದಿಗೆ ಅದೇ ಹಳೆ ಬಾವಿ.
ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ... ಹೇಳಬೇಕೆ?
ನಮ್ಮಲ್ಲಿ ಗಾದೆಯೂ ಕೊಳವೆಯಲ್ಲೇ ಹರಿಯಿತು.

ಕೆಳಬೀದಿಯಲ್ಲಿ ಮೊದಲ ವಾರ ಹಬ್ಬ.
ಗೇರ್‌ಲಿಂಡೆಯ ಸ್ನಾನದ ತೊಟ್ಟಿಯಿಂದ ನೊರೆ ಉಕ್ಕಿ
ಬಾಗಿಲು ದಾಟಿ ಬೆಕ್ಕನ್ನು ಮುಟ್ಟಿತಂತೆ.
ಮೇಲ್ಬೀದಿಯ ವಾಲ್‌ಟ್ರೌಟ್, ಕೂದಲು ಕತ್ತರಿಸುವವಳು,
ಖಾಲಿ ಕುರ್ಚಿಗಳಲ್ಲಿ ಒಂದಾದ ಮೇಲೊಂದರಂತೆ ಕೂತು
ಕನ್ನಡಿಯನ್ನು ಒರೆಸಿದಳು. ಕನ್ನಡಿಯಲ್ಲೂ ಬಿಳಿ ಚುಕ್ಕೆ.

ಮೂರನೇ ತಿಂಗಳಿಗೆ ನನ್ನ ಫೋನು ಅರಚತೊಡಗಿತು.
ಕೆಳಬೀದಿಯ ಚಾವಣಿಗಳಲ್ಲಿ ಕಲೆ, ಗೋಡೆಗಳಿಗೆ ಬೆವರು.
ಒಂದು ಕೊಳವೆ ಕೊಯ್ದು ನೋಡಿದೆ:
ಕಬ್ಬಿಣ ಎಂದೋ ತುಕ್ಕಾಗಿ ತೀರಿಹೋಗಿದೆ.
ಇಷ್ಟು ವರ್ಷ ನೀರನ್ನು ಹಿಡಿದಿದ್ದದ್ದು ಸುಣ್ಣ,
ಕೊಳವೆಯೊಳಗೆ ತಾನೇ ಬೆಳೆದ ಇನ್ನೊಂದು ಕೊಳವೆ,
ಬೆರಳು ತೂರುವಷ್ಟೇ ಕಂಡಿ.
ಮೆದುನೀರು ಅದನ್ನು ನಯವಾಗಿ ಮಾತಾಡಿಸಿ,
ಒಂದೊಂದೇ ಕಣ ಕರೆದುಕೊಂಡು ಹೋಗಿತ್ತು.

ಆಮೇಲೆ ಬೇಕರಿಯ ಎಗ್‌ಬರ್ಟ್.
ಹಿಟ್ಟಿಗೆ ಬೆನ್ನುಮೂಳೆಯೇ ಇಲ್ಲ, ಅಂದ.
ಕೈಗಂಟುತ್ತದೆ, ಬ್ರೆಡ್ಡು ಚಪ್ಪಲಿಯ ಹಾಗೆ ಚಪ್ಪಟೆ.
ಅಜ್ಜನ ಅಳತೆ, ಅಜ್ಜನ ಒಲೆ, ನೀರೊಂದೇ ಹೊಸತು.
ನಾನೇನು ಮಾಡಲಿ? ಸ್ಪ್ಯಾನರು ಹಾಕಿದರೆ
ಹಿಟ್ಟು ಬಿಗಿಯಾಗುತ್ತದೆಯೇ?

ಈಗ ದಿನಾ ಬೆಳಗಿನ ಜಾವ
ಎರಡು ಬೀದಿಗಳ ನಡುವಿನ ಎಂಬತ್ತೇಳು ಮೆಟ್ಟಿಲ ಮೇಲೆ
ಎಗ್‌ಬರ್ಟ್ ಕ್ಯಾನು ಹಿಡಿದು ಹತ್ತುತ್ತಾನೆ, ಗಡಸುನೀರಿಗೆ;
ವಾಲ್‌ಟ್ರೌಟ್ ಇಳಿಯುತ್ತಾಳೆ, ಮೆದುನೀರಿಗೆ.
ಪುರಸಭೆಯಲ್ಲಿ ಒಬ್ಬರ ಮೇಲೊಬ್ಬರು ಕುರ್ಚಿ ಎತ್ತಿದ್ದವರು;
ಅರ್ಧದಲ್ಲಿ ಎದುರಾದರೆ
ಕಂಬಿಯ ತುಕ್ಕನ್ನು ತುಂಬ ಆಸಕ್ತಿಯಿಂದ ನೋಡುತ್ತಾರೆ.
ನಿನ್ನೆ ಮಾತ್ರ ಅವಳು ನಿಂತು ಅಂದಳು:
‘ನನ್ನ ಹಿತ್ತಲ ನಲ್ಲಿ ಬಿಗಿ. ಮೊದಲು ಒಳಕ್ಕೊತ್ತಿ ಆಮೇಲೆ ತಿರುಗಿಸು.’
ಅವನೆಂದ: ‘ನನ್ನದು ಹೇಗೂ ಸೋರುತ್ತಿದೆ.
ಬಕೆಟ್ಟಿಟ್ಟಿದ್ದೇನೆ, ಅದರಿಂದಲೇ ತುಂಬಿಕೋ.’
ಅಷ್ಟೇ. ಮೇಲಕ್ಕೊಬ್ಬ, ಕೆಳಕ್ಕೊಬ್ಬಳು.

ನನ್ನ ಮನೆ ಮೇಲ್ಬೀದಿ. ಕೆಟಲಿನ ತಳ ಬಿಟ್ಟ ಚೂರುಗಳು
ಕುದಿಗೆ ಕಟಕಟ ಅನ್ನುತ್ತವೆ. ಕೊಯ್ದ ಕೊಳವೆಯ ತುಂಡು
ಕಿಟಕಿಯಲ್ಲಿದೆ; ಕಣ್ಣಿಗೆ ಹಿಡಿದರೆ
ನದಿಯ ಚೂರೊಂದು ಕಾಣುತ್ತದೆ, ದುಂಡಗೆ,
ಬಟನ್ನಿನಷ್ಟು.
ಚಹಾ ಸೋಸಿಕೊಂಡು ಕೂತೆ. ಫೋನು.
ಕೆಳಬೀದಿ.