ನಲವತ್ತು ನಿಮಿಷ ತಡ

ಮಿಲ್ಲು ಇದ್ದ ಜಾಗದಲ್ಲಿ ಈಗೊಂದು ಲಾಳಿ ಮಲಗಿದೆ.
ಉಕ್ಕಿನದು, ಸಿಟಿ ಬಸ್ಸಿನಷ್ಟು ಉದ್ದ.
ತೆಂಕಣ ತುದಿ ನೆಲದಲ್ಲಿ, ಬಡಗಣ ಮೂಗು ಒಂಬತ್ತಡಿ ಮೇಲೆ,
ಎಸೆದದ್ದು ಆಚೆ ಅಂಚು ಮುಟ್ಟುವ ಮೊದಲೇ
ಮಗ್ಗ ನಿಂತುಬಿಟ್ಟ ಹಾಗೆ.
ಸುತ್ತ ಕಡಪ ಕಲ್ಲಿನ ಹಾಸು, ಹಾಸಿನಲ್ಲಿ ಹಿತ್ತಾಳೆ ಬಿಲ್ಲೆಗಳು:
ಆರು, ಏಳು, ಎಂಟು, ಹಾಗೇ ಸಂಜೆ ಆರರ ತನಕ.
ನೆರಳು ಗಡಿಯಾರವಂತೆ.
ದಾವಣಗೆರೆಗೆ ಬಂದವರೆಲ್ಲ ಇದರ ಮುಂದೆ ನಿಂತು
ಮೊದಲು ಫೋನು ನೋಡಿಕೊಳ್ಳುತ್ತಾರೆ.

ಸೋದರತ್ತೆ ಹಾಲಮ್ಮ ಸ್ಕೂಟಿಯಿಂದ ಇಳಿದವಳೇ
ಚಪ್ಪಲಿ ಬಿಟ್ಟಳು.
ಗುಡಿಯಲ್ಲ ಅತ್ತೆ, ಅಂದೆ.
"ಗೊತ್ತು ಬಿಡು. ರೀಲಿಂಗ್ ಖಾತೆಗೆ
ಚಪ್ಪಲಿ ಹಾಕ್ಕಂಡು ಯಾರು ಹೋಗ್ತಿದ್ರು?"

ಸೊಂಟಕ್ಕೆ ಕೈಕೊಟ್ಟು ಬಗ್ಗಿ
ಒಂದೊಂದೇ ಬಿಲ್ಲೆ ಸವರುತ್ತ ಹೋದಳು.
ಹುಡುಕುತ್ತಿದ್ದದ್ದು ನಾನೂರ ಹದಿನೇಳು.
ಇಪ್ಪತ್ತೆರಡು ವರ್ಷ
ಗೇಟಿನ ಹಲಗೆಯ ಮೊಳೆಯಿಂದ ತೆಗೆದು, ಮತ್ತೆ ಅಲ್ಲೇ ನೇತುಹಾಕಿದ ನಂಬರು.
ನನ್ನ ಹುಟ್ಟಿದ ದಿನ ಮರೆತಾಳು, ಅದನ್ನಲ್ಲ.
ಹನ್ನೆರಡರ ಹತ್ತಿರ ನಿಂತು, ತಿರುಗಿ ನೋಡಿ,
"ಇಷ್ಟೇ ಜನಾನಾ?" ಅಂದಳು.

ಫೋನಿನಲ್ಲಿ ನಾಲ್ಕೂ ನಲವತ್ತು.
ನೆರಳು ಆಗ ತಾನೆ ನಾಲ್ಕರ ಬಿಲ್ಲೆಗೆ ಅಂಚು ತಾಗಿಸಿತ್ತು.
ಫಲಕ ಓದಿ ಹೇಳಿದೆ:
ಗಡಿಯಾರ ಇಡೀ ದೇಶದ್ದು, ಬಿಸಿಲು ಈ ಊರಿನದು.
ನಮ್ಮ ಮಧ್ಯಾಹ್ನ ದಿಲ್ಲಿಯ ಲೆಕ್ಕದಲ್ಲಿ ನಿಧಾನ,
ಮಾಘ ಮಾಸದಲ್ಲಂತೂ ಇನ್ನೂ ನಿಧಾನ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ.
"ಹತ್ತು ನಿಮಿಷ ತಡ ಆದ್ರೆ ಗೇಟು ಹಾಕೋರು.
ಅರ್ಧ ದಿನದ ಪಗಾರ ಹೋಗೋದು.
ನಾನು ಹೊಸ್ತಿಲ ಮೇಲಿನ ಬಿಸಿಲು ನೋಡ್ಕಂಡೇ ಹೊರಡ್ತಿದ್ದೆ ಕಣೆ,
ಮನೇಲಿ ವಾಚೆಲ್ಲಿತ್ತು?
ಹಂಗಾರೆ ಆವತ್ತು
ತಡ ಆಗಿದ್ದು ನಾನಲ್ಲ."
ಇಷ್ಟು ಹೇಳಿ ಸೆರಗಿನಿಂದ ನಾಲ್ಕನ್ನು ಒರೆಸಿದಳು,
ಅಲ್ಲೇನೂ ಧೂಳಿರಲಿಲ್ಲ.

ಮಂಡಕ್ಕಿ ಗಾಡಿಯ ಜಬಿವುಲ್ಲಾ
ನೆರಳಿನ ಜೊತೆಗೇ ಗಾಡಿ ತಳ್ಳುತ್ತಾನೆ.
ಬೆಳಿಗ್ಗೆ ಒಂಬತ್ತರ ಮೇಲೆ, ಈಗ ನಾಲ್ಕರ ಮೇಲೆ.
ಗಿರಾಕಿಗಳು ಲಾಳಿ ನೋಡುವುದಿಲ್ಲ, ಇವನು ಎಲ್ಲಿದ್ದಾನೆ ನೋಡುತ್ತಾರೆ.
"ಏಪ್ರಿಲ್ ಕೊನೇಲಿ ಕಷ್ಟ ಅಮ್ಮ, ಸೂರ್ಯ ನೆತ್ತಿಗೇ ಬರ್ತಾನೆ,
ನೆರಳು ಲಾಳಿ ಹೊಟ್ಟೆಯೊಳಗೆ ಹೋಗಿ ಕೂರುತ್ತೆ.
ಆಗ ನಂಗೆ ಟೈಮೇ ಇಲ್ಲ, ಅಂಗಡಿ ಬಂದ್."
ಮೆಣಸಿನಕಾಯಿ ಬಜ್ಜಿ ಎರಡು, ನರ್ಗೀಸ್ ಮಂಡಕ್ಕಿ ಒಂದು ಪೊಟ್ಟಣ.
ಅತ್ತೆಯಿಂದ ದುಡ್ಡು ಇಸಿದುಕೊಳ್ಳಲಿಲ್ಲ, ಯಾಕೋ.

ಆರೂವರೆಗೆ ನೆರಳು ಕಲ್ಲಿನೊಳಗೆ ಇಂಗಿತು.
ಹೊರಡಬೇಕು ಅನ್ನುವಷ್ಟರಲ್ಲಿ
ಪಾಲಿಕೆಯ ಫೋಕಸ್ ಲೈಟು ಹತ್ತಿಕೊಂಡು
ಇನ್ನೊಂದು ನೆರಳು ಬಿತ್ತು,
ಮೊದಲಿನದಕ್ಕಿಂತ ಕಪ್ಪು, ಅಂಚು ಚೂಪು,
ಮೂರು ದಾಟಿ, ನಾಲ್ಕು ಮುಟ್ಟದೆ.

ಏಳಾಯಿತು. ಏಳೂಕಾಲು. ಅದು ಅಲ್ಲೇ.
ಶೇಂಗಾ ತಿನ್ನುತ್ತಿದ್ದ ಹುಡುಗರು ಅದರ ಮೇಲೆ ನಡೆದು ಹೋದರು.
ಪಾಪ, ಲಾಳಿ ಮಾಡಿದವನಿಗೆ ಗೊತ್ತಿರಲಿಕ್ಕಿಲ್ಲ,
ಕಂಬ ನೆಟ್ಟವರ ತಪ್ಪು, ಅಂದೆ.

"ತಪ್ಪೇನು ಬಂತು? ರಾತ್ರಿ ಪಾಳಿ ಇದು.
ಮೂರೂವರೆ ಆದ್ಮೇಲೆ ಹಿಂಗೇ ನಿಂತುಬಿಡೋದು,
ನೂಲು ಮಾತ್ರ ಓಡ್ತಿತ್ತು.
ಕಣ್ಣಿಗೆ ತಣ್ಣೀರು ಹಾಕ್ಕಂಡು ಬಂದು ನೋಡಿದ್ರೂ
ಅಷ್ಟೇ ಇರ್ತಿತ್ತು."

ಜಬಿವುಲ್ಲಾ ಒಲೆ ಆರಿಸಿ ಗಾಡಿಗೆ ತಾಡಪಾಲು ಕಟ್ಟಿದ.
ಈ ನೆರಳಿನ ಹಿಂದೆ ಹೋಗುವ ಅಭ್ಯಾಸ ಅವನಿಗಿಲ್ಲ.
ಅತ್ತೆ ಮಾತ್ರ ಎದ್ದು, ಬರಿಗಾಲಲ್ಲಿ,
ಮೂರಕ್ಕೂ ನಾಲ್ಕಕ್ಕೂ ನಡುವೆ ಹೋಗಿ ನಿಂತಳು.
ಕೈ ತಾನಾಗಿ ಎದೆಮಟ್ಟಕ್ಕೆ ಬಂತು,
ಹೆಬ್ಬೆರಳು ತೋರುಬೆರಳು ಸೇರಿಸಿ
ಹರಿದ ಎಳೆಗೆ ಗಂಟು ಹಾಕುವ ಹಾಗೆ.

ಅವಳ ಚಪ್ಪಲಿ ಎತ್ತಿಕೊಂಡು ಹತ್ತಿರ ಹೋದೆ.
ಕತ್ತಲಾಯ್ತು, ಹೋಗಾನ ನಡಿ ಅತ್ತೆ.

"ಇರು," ಅಂದಳು, "ಮಿಲ್ಲು ಇನ್ನೂ ಕೂಗಿಲ್ಲ."