ಬಲಗಡೆ ಸವೆದ ಸೌಟು

ಮುಹರ್ರಕ್‌ನ ಹಳೇ ಮುತ್ತಿನ ವ್ಯಾಪಾರಿಯ ಮನೆ
ಈಗ ಕಾಫಿ ಅಂಗಡಿ.
ಹವಳಗಲ್ಲಿನ ಗೋಡೆಗೆ ಮೊಳೆ ಹೊಡೆಯುವಂತಿಲ್ಲ,
ಅದಕ್ಕೇ ಮೇಲಿಂದ ದಾರ ಇಳಿಬಿಟ್ಟು
ರೀಮಾ ಮೇಡಂ ತೂಗುಹಾಕಿಸಿದರು
ಹದಿನೇಳು ಸೌಟು, ಎರಡು ಜಾಲರಿ, ಒಂದು ಇಕ್ಕಳ.
ಏಣಿ ಹಿಡಿದವನು ಮೊಫಿಜ್.
ಒರೆಸಿ ಕೊಟ್ಟವಳು ನಾನು.

"ಒರೆಸು, ಬೆಳಗಬೇಡ" ಅಂದರು.
ಹುಣಸೆಹಣ್ಣು ಆಗಲೇ ನೆನೆಸಿಟ್ಟಿದ್ದೆ ಬಟ್ಟಲಲ್ಲಿ.
ಕಪ್ಪಿಗೇ ಕಾಸಂತೆ; ಹೊಳೆದರೆ ಹೊಸದಂತೆ.
ನಮ್ಮವ್ವ ಇದ್ದಿದ್ದರೆ
ಈ ಗೋಡೆಯ ಮುಂದೆ ನೆಂಟರನ್ನು ಕೂರಿಸಲು
ನಾಚಿ ಸಾಯುತ್ತಿದ್ದಳು.

ಹನ್ನೊಂದನೆಯದಕ್ಕೆ ಹಿತ್ತಾಳೆಯ ಉದ್ದ ಹಿಡಿ,
ತುದಿಯಲ್ಲೊಂದು ಹಕ್ಕಿ, ಕೊಕ್ಕು ಮುರಿದದ್ದು.
ಹೊಟ್ಟೆ ತುಂಬ ಸುತ್ತಿಗೆಯ ಗುಳಿ;
ಬಡಿದವನ ಉಸಿರು ಎಲ್ಲಿ ತಪ್ಪಿತೋ
ಅಲ್ಲೊಂದು ಗುಳಿ ಆಳ.
ಎಲ್ಲಿಯದೆಂದು ಮಾರಿದವನಿಗೂ ಗೊತ್ತಿಲ್ಲ:
ಮೊದಲು ಇರಾನ್ ಅಂದನಂತೆ,
ಚೌಕಾಸಿಗೆ ಇಳಿದಾಗ ಇಂಡಿಯಾ.
ತಿರುಗಿಸಿ ನೋಡಿದೆ. ನಮ್ಮ ಕಡೆ ಪಾತ್ರೆಗೆ
ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸುತ್ತಾರಲ್ಲ,
ಇದಕ್ಕೆ ಯಾರೂ ಹಾಕಿಸಿಲ್ಲ.

ಆದರೆ ಅಂಚು.
ಮಿಕ್ಕ ಹದಿನಾರೂ ಸವೆದದ್ದು ಎಡಕ್ಕೆ,
ಬಲಗೈಯವರು ತಳ ಕೆರೆದು ಕೆರೆದು.
ಇದೊಂದು ಸವೆದದ್ದು ಬಲಕ್ಕೆ.

ನಾನು ಎಡಚಿ.
ಬಡಿಸಲು ಕೈ ಚಾಚಿದಾಗೆಲ್ಲ ಮಣಿಕಟ್ಟಿಗೆ
ಇಂಥದೇ ಸೌಟಿನ ಹಿಡಿಯಿಂದ ಬಿದ್ದದ್ದು
ಲೆಕ್ಕವಿಟ್ಟಿಲ್ಲ.
ಬಲಗೈ ಕಲಿಯಿತು.
ನಲವತ್ತು ಜನರ ಮಚ್‌ಬೂಸ್ ಇಲ್ಲಿ ತಿರುವುವುದೂ ಅದೇ.
ಎಡಗೈ ಪಕ್ಕದಲ್ಲಿ ನಿಂತು ನೋಡುತ್ತದೆ
ಮಲಮಗಳ ಹಾಗೆ.

ಯಾವಳೋ ಒಬ್ಬಳು, ಯಾವ ಊರಿನಲ್ಲೋ,
ಎಡಗೈಯಲ್ಲೇ ತಿರುವಿದ್ದಾಳೆ ಅಷ್ಟು ಕಾಲ,
ಹಿತ್ತಾಳೆ ಉಗುರಿನಷ್ಟು ತೆಳ್ಳಗಾಗುವವರೆಗೆ.
ಯಾರೂ ಬೈಯಲಿಲ್ಲವೇ?
ಬೈದರೂ ಕೇಳಲಿಲ್ಲವೇ?

ಗುರುವಾರ ರಾತ್ರಿ, ಕೊನೆಯ ಗಿರಾಕಿ ಎದ್ದ ಮೇಲೆ,
ದಾರ ಬಿಚ್ಚಿದೆ.
ಒಳಗೆ ಕಲಾಯಿ ಹೋಗಿದೆ, ಹುಳಿ ತಾಗಿದರೆ ಕಿಲುಬು,
ಸಾರಿಗೆ ಇಳಿಸುವ ಹಾಗಿಲ್ಲ.
ಪಾತ್ರೆಗೆ ಬರೀ ನೀರು ಹಾಕಿ
ಸಣ್ಣ ಉರಿಯಲ್ಲಿ, ಎಡಗೈಯಲ್ಲಿ, ತಿರುವಿದೆ.
ಅಂಚು ತಳಕ್ಕೆ ಸರಿಯಾಗಿ ಕೂತಿತು,
ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ.

ಕಸದ ಚೀಲ ಹೊತ್ತು ಮೊಫಿಜ್ ಬಾಗಿಲಲ್ಲಿ ನಿಂತ:
"ಏನು ಬೇಯುತ್ತಿದೆ, ಆಪಾ?"
ನೀರು, ಅಂದೆ.
ಅವನು ಚೀಲ ಕೆಳಗಿಟ್ಟು ಬಗ್ಗಿ ನೋಡಿದ.
ಬಹಳ ಹೊತ್ತು ಯೋಚಿಸಿದವನ ಹಾಗೆ
"ಉಪ್ಪು ಒಂದು ಚೂರು ಕಡಿಮೆ" ಅಂದ.